ಕಮಲತ್ತೆಯ ಮೂವತ್ತೆರಡನೆಯ ಕೋಲು

ನನ್ನ ಅಕ್ಷರ ಚೆನ್ನಾಗಿಲ್ಲ. ಗೆರೆ ಇರುವ ಕಾಗದದಲ್ಲಿ ಬರೆದರೂ ಸಾಲುಗಳು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗೆ ಇಳಿಯುತ್ತವೆ. ನನ್ನಲ್ಲಿ ಮಾತುಗಳೂ ಕಡಿಮೆ. ಹತ್ತನೆಯದು ಮುಗಿಸಿ ಪ್ಲಸ್ ವನ್ನಿಗೆ ಮೂರು ತಿಂಗಳು ಹೋಗಿ ಬಿಟ್ಟವಳು ನಾನು. ಓದುವವರು ಮನ್ನಿಸಬೇಕು. ವಾಚನಾಲಯದ ಕೈಬರಹದ ಪತ್ರಿಕೆಗೆ ಊರಿನ ಒಬ್ಬರ ಬಗ್ಗೆ ಬರೆದುಕೊಡು ಎಂದು ಜಿತೇಂದ್ರ ಮಾಸ್ಟ್ರು ಹೇಳಿದಾಗ, ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು.

ನಾನು ಬರೆಯುತ್ತಿರುವುದು ಕಮಲತ್ತೆಯ ಬಗ್ಗೆ. ಅವರು ನನ್ನ ಅಪ್ಪನ ಅಕ್ಕ. ವಯಸ್ಸು ಐವತ್ತೊಂಬತ್ತು. ಕೆಲಸ, ಸುರಂಗ ಕೊರೆಯುವುದು.

ಸುರಂಗ ಎಂದರೆ ಏನೆಂದು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ಆದರೆ ಹೊರಗಿನವರು ಓದಿದರೂ ತಿಳಿಯಬೇಕು ಎಂದು ಮಾಸ್ಟ್ರು ಹೇಳಿದ್ದಾರೆ. ಬಾವಿಯನ್ನು ಕೆಳಕ್ಕೆ ತೋಡುತ್ತಾರೆ. ಸುರಂಗವನ್ನು ಗುಡ್ಡದ ಬದಿಯಿಂದ ಅಡ್ಡಕ್ಕೆ, ಒಬ್ಬರು ಬಗ್ಗಿ ನಡೆಯುವಷ್ಟು ಎತ್ತರಕ್ಕೆ, ಮುರಕಲ್ಲು ಎನ್ನುವ ಕೆಂಪು ಕಲ್ಲಿನೊಳಗೆ ಕೊರೆಯುತ್ತಾರೆ. ಉದ್ದವನ್ನು ಕೋಲಿನಲ್ಲಿ ಹೇಳುವುದು. ಒಂದು ಕೋಲು ಎಂದರೆ ಹತ್ತಿರ ಹತ್ತಿರ ಎರಡೂವರೆ ಅಡಿ. ಕೆಲವು ಕಡೆ ಹತ್ತು ಕೋಲಿಗೆ ನೀರು ಸಿಗುತ್ತದೆ, ಕೆಲವು ಕಡೆ ನೂರು ಕೋಲು ಹೋದರೂ ಸಿಗುವುದಿಲ್ಲ. ಸಿಕ್ಕಿದರೆ ನೀರು ತಾನಾಗಿಯೇ ಹರಿದು ಬರುತ್ತದೆ. ಬಾಯಿಯ ಹತ್ತಿರ ಒಳಗಡೆ ಮಣ್ಣಿನ ಸಣ್ಣ ಕಟ್ಟ ಕಟ್ಟಿದರೆ ರಾತ್ರಿಯೆಲ್ಲ ನೀರು ತುಂಬುತ್ತದೆ. ಬೆಳಿಗ್ಗೆ ಬಿಡುತ್ತಾರೆ.

ಕಮಲತ್ತೆ ಹತ್ತೊಂಬತ್ತನೆಯ ವಯಸ್ಸಿಗೆ ಮದುವೆಯಾದರು. ಬಟ್ಯ ಮಾವ ಸುರಂಗದ ಕೆಲಸದವರು. ಮಾವ ಒಳಗೆ ಕೊರೆಯುವುದು, ಅತ್ತೆ ಮಣ್ಣಿನ ಬುಟ್ಟಿ ಎಳೆದು ಹೊರಗೆ ಹಾಕುವುದು. ಎಂಟು ವರ್ಷ ಹೀಗೆ ನಡೆಯಿತು. ಆಮೇಲೆ ಮಾವನಿಗೆ ದಮ್ಮು ಹಿಡಿಯಿತು. ಒಂದು ದಿನ ಹದಿನಾಲ್ಕನೆಯ ಕೋಲಿನಲ್ಲಿ ಅವರು ಕೆಮ್ಮುತ್ತ ಕುಳಿತುಬಿಟ್ಟರು. ಅತ್ತೆ ಅವರ ಕೈಯಿಂದ ಪಿಕ್ಕಾಸು ತೆಗೆದುಕೊಂಡರು. ಮತ್ತೆ ವಾಪಸು ಕೊಡಲಿಲ್ಲ.

"ಹೆಂಗಸು ಒಳಗೆ ಹೋದರೆ ನೀರು ಬರ್ತದಾ?" ಎಂದು ಕೇಳಿದವರಿದ್ದರಂತೆ.

"ನೀರಿಗೆ ಗಂಡು ಹೆಣ್ಣು ಎಂತ ಗೊತ್ತುಂಟು? ತಗ್ಗು ಯಾವ ಕಡೆ ಅಂತ ಮಾತ್ರ ಗೊತ್ತು" ಎಂದು ಅತ್ತೆ ಹೇಳಿದರಂತೆ.

ಮಾವ ತೀರಿಕೊಂಡು ಹನ್ನೊಂದು ವರ್ಷ ಆಯಿತು. ಅತ್ತೆ ಒಟ್ಟು ಇಪ್ಪತ್ತಾರು ಸುರಂಗ ಕೊರೆದಿದ್ದಾರೆ. ಅದರಲ್ಲಿ ಹತ್ತೊಂಬತ್ತರಲ್ಲಿ ನೀರು ಉಂಟು. ನಾನು ಅವರ ಬಾಯಿಂದ ಕೇಳಿ ಒಂದೊಂದೇ ಪಟ್ಟಿ ಮಾಡಿದ್ದೇನೆ. ಒಳಗೆ ಗೋಡೆಯ ಗೂಡಿನಲ್ಲಿ ಮೇಣದ ಬತ್ತಿ ಇಡುತ್ತಾರೆ, ಅದರ ಉರಿ ಸಣ್ಣಗಾದರೆ ಗಾಳಿ ಸಾಲದು ಎಂದು ಹೊರಗೆ ಬರುತ್ತಾರೆ. ಕೊರೆಯುವ ಮೊದಲು ಕಿವಿಯನ್ನು ಕಲ್ಲಿಗೆ ಇಟ್ಟು ಕೇಳುತ್ತಾರೆ. ನಾನೂ ಇಟ್ಟು ನೋಡಿದ್ದೇನೆ. ನನಗೆ ಏನೂ ಕೇಳಲಿಲ್ಲ.

ಈ ಕೆಲಸದವರಲ್ಲಿ ಒಂದು ಕಟ್ಟುನಿಟ್ಟು ಉಂಟು. ನೀರು ಒಸರುವ ಜಾಗವನ್ನು ಅವರು ಕಣ್ಣು ಎನ್ನುತ್ತಾರೆ. ಕಣ್ಣು ಸಿಕ್ಕಿದ ದಿನ ಅಲ್ಲಿ ಅರಿಶಿನ ಹಚ್ಚುತ್ತಾರೆ, ಪಿಕ್ಕಾಸು ತೊಳೆಯುತ್ತಾರೆ, ಕೆಲಸ ಮುಗಿಯಿತು. ಆಮೇಲೆ ಕಣ್ಣಿಗೆ ಕಬ್ಬಿಣ ಮುಟ್ಟಿಸಬಾರದು. ಮುರಕಲ್ಲಿನ ಅಡಿಯಲ್ಲಿ ಶೇಡಿಮಣ್ಣಿನ, ಅಂದರೆ ನೀರು ಇಂಗದ ಬಿಳಿ ಜೇಡಿಯ ಪದರ ಇರುತ್ತದೆ, ನೀರು ನಿಂತಿರುವುದು ಅದರ ಮೇಲೆ. ಆ ಪದರ ಎಲ್ಲಿ ತೆಳು, ಎಲ್ಲಿ ದಪ್ಪ ಎಂದು ಯಾರಿಗೂ ಕಾಣುವುದಿಲ್ಲ. ಆಸೆಗೆ ಮುಂದೆ ಹೋದರೆ ಪದರ ಒಡೆದು ನೀರೆಲ್ಲ ಕೆಳಗೆ ಇಳಿದುಹೋಗಬಹುದು.

ಇದಕ್ಕಾಗಿ ಅತ್ತೆ ಒಮ್ಮೆ ಕೂಲಿಯನ್ನೇ ಬಿಡಲು ಹೊರಟವರು. ಕೆಳಗಿನ ಮನೆಯ ಪುರಂದರಣ್ಣ ಗಲ್ಫಿನಿಂದ ಬಂದ ವರ್ಷ ಅವರಿಗೆ ಸುರಂಗ ಕೊರೆದದ್ದು ಅತ್ತೆ. ಇಪ್ಪತ್ತೆರಡು ಕೋಲಿಗೆ ಕಣ್ಣು ಸಿಕ್ಕಿತು. ಇನ್ನು ಮೂರು ಕೋಲು ಹೋಗು, ನೀರು ಇಮ್ಮಡಿ ಆಗಲಿ ಎಂದು ಪುರಂದರಣ್ಣ ಹೇಳಿದರು. ಅತ್ತೆ ಸುರಂಗದ ಬಾಯಿಯಲ್ಲೇ ಪಿಕ್ಕಾಸನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತುಬಿಟ್ಟರು.

"ಕೂಲಿ ಕೊಡುವವ ನಾನು, ಹಠ ಮಾಡುವವಳು ನೀನು. ಎಂತದು ಮಾರಾಯ್ತಿ ಇದು?"

"ಬೇರೆ ಜನ ಕರ್ಕೊಂಡು ಬನ್ನಿ ಪುರಂದರಣ್ಣ. ಆದರೆ ನಾನು ಎದ್ದು ಹೋದ ಮೇಲೆ."

"ನೀನು ಯಾವಾಗ ಏಳುವುದು?"

"ನಿಮ್ಮ ಆಸೆ ಇಳಿದ ಮೇಲೆ."

ಪುರಂದರಣ್ಣ ನಕ್ಕು ಬಿಟ್ಟುಬಿಟ್ಟರಂತೆ. ಆ ಸುರಂಗ ಇವತ್ತಿಗೂ ಹರಿಯುತ್ತದೆ.

ಅತ್ತೆಗೆ ಇರುವುದು ನಲವತ್ತು ಸೆಂಟ್ಸ್ ಜಾಗ. ಅವರ ಸ್ವಂತ ಸುರಂಗ ಮೂವತ್ತೊಂದು ಕೋಲು. ಮೂವತ್ತು ಎಂದು ಕೆಲವರು ಹೇಳುತ್ತಾರೆ, ಆದರೆ ನಾನು ಹಗ್ಗ ಹಾಕಿ ಅಳೆದಿದ್ದೇನೆ. ತೊಂದರೆ ಏನೆಂದರೆ ಸುರಂಗದ ಬಾಯಿ ಇರುವುದು ಜಾಗದ ತಗ್ಗಿನಲ್ಲಿ. ಅಲಸಂಡೆ, ಮುಳ್ಳುಸೌತೆ, ಹರಿವೆ, ಬಸಳೆಯ ಚಪ್ಪರ ಎಲ್ಲ ಮೇಲೆ. ಬೇಸಿಗೆಯಲ್ಲಿ ದಿನಕ್ಕೆ ಅರುವತ್ತು ಕೊಡಪಾನ ನೀರು ಹೊರಬೇಕು. ತರಕಾರಿ ಹೊಸಂಗಡಿಯ ಅಂಗಡಿಗೆ ಹೋಗುತ್ತದೆ. ಅದರಲ್ಲಿಯೇ ಅವರ ಜೀವನ. ಕಳೆದ ವರ್ಷದಿಂದ ಅವರ ಎಡಗಾಲಿನ ಗಂಟು ಊದುತ್ತಿದೆ. ಹತ್ತುವಾಗ ಕೈಯಿಂದ ತೊಡೆಯನ್ನು ಎತ್ತಿ ಇಡುತ್ತಾರೆ.

ಸಣ್ಣ ಕೃಷಿಕರಿಗೆ ಸೋಲಾರ್ ಪಂಪು, ಟ್ಯಾಂಕು, ಹನಿ ನೀರಾವರಿಯ ಪೈಪು ಪುಕ್ಕಟೆ ಕೊಡುವ ಒಂದು ಯೋಜನೆ ಬಂದಿದೆ ಎಂದು ವಾಚನಾಲಯದ ಬೋರ್ಡಿನಲ್ಲಿ ಓದಿದ್ದು ನಾನು. ಅರ್ಜಿ ತಂದದ್ದೂ ತುಂಬಿಸಿದ್ದೂ ನಾನು. ನಮ್ಮ ಕಡೆ ಸರಕಾರದ ಕಾಗದವೆಲ್ಲ ಮಲಯಾಳದಲ್ಲಿ, ಅರ್ಜಿಯೂ ಹಾಗೆಯೇ ಇತ್ತು. ಅಕ್ಷರ ಕೂಡಿಸಿ ಕೂಡಿಸಿ ಓದಿ ಎರಡು ದಿನದಲ್ಲಿ ಮುಗಿಸಿದೆ. ನನ್ನಿಂದಲೂ ಒಂದು ಉಪಕಾರ ಆಯಿತು ಎಂದು ಅನಿಸಿತ್ತು.

ಶಿವರಾತ್ರಿ ಕಳೆದು ಒಂದು ವಾರಕ್ಕೆ ಅಧಿಕಾರಿ ನೀರು ಅಳೆಯಲು ಬಂದರು. ಒಳ್ಳೆಯ ಮನುಷ್ಯ. ತೆಂಕಣ ಜಿಲ್ಲೆಯವರು, ಅತ್ತೆಗೆ ಅರ್ಥವಾಗುವಂತೆ ಮಲಯಾಳವನ್ನು ನಿಧಾನವಾಗಿ ಮಾತನಾಡಿದರು. ಹತ್ತು ಲೀಟರಿನ ಬಕೆಟು ಐದು ನಿಮಿಷದಲ್ಲಿ ತುಂಬಬೇಕು ಎಂದರು. ಕಟ್ಟ ಬಿಡಿಸಿ, ನಿಂತ ನೀರೆಲ್ಲ ಹೋದ ಮೇಲೆ ಹರಿದು ಬರುವ ನೀರಿಗೆ ಬಕೆಟು ಇಟ್ಟು ಮೊಬೈಲಿನಲ್ಲಿ ಸಮಯ ನೋಡಿದರು. ಆರು ನಿಮಿಷ ನಲವತ್ತು ಸೆಕೆಂಡು.

"ಸಾರ್, ಸುರಂಗವನ್ನು ಹಾಗೆ ನೋಡುವುದಲ್ಲ. ರಾತ್ರಿ ನಿಂತ ನೀರು ನೋಡಬೇಕು. ನನ್ನ ಜಾಗಕ್ಕೆ ಅದು ಧಾರಾಳ" ಎಂದರು ಅತ್ತೆ.

"ಗೊತ್ತಮ್ಮ. ಆದರೆ ಫಾರ್ಮಿನಲ್ಲಿ ಕೇಳುವುದು ನಿಮಿಷದ ಲೆಕ್ಕ" ಎಂದರು ಅವರು. ಹೋಗುವಾಗ, ತಿಂಗಳ ಕೊನೆಗೆ ಇನ್ನೊಮ್ಮೆ ಈ ಕಡೆ ಬರುತ್ತೇನೆ, ನೀರು ಸ್ವಲ್ಪ ಹೆಚ್ಚಾದರೆ ಫೋನ್ ಮಾಡಿ ಎಂದು ನಂಬರು ಕೊಟ್ಟರು. ನಂಬರು ಬರೆದುಕೊಂಡದ್ದು ನಾನು.

ಈಗ ಬರೆಯಬೇಕಾದದ್ದನ್ನು ಹಿಂದಿನ ನಾಲ್ಕು ಸಲವೂ ನಾನು ಬರೆದಿರಲಿಲ್ಲ.

ಅವರು ಹೋದ ಮೇಲೆ ನಾನು ಅತ್ತೆಗೆ ಹೇಳಿದೆ, "ಇನ್ನೊಂದು ಕೋಲು ಹೋದರೆ ಸಾಕಾಗ್ತದೆ ಅಲ್ವಾ ಅತ್ತೆ?"

"ಕಣ್ಣು ಸಿಕ್ಕಿ ಇಪ್ಪತ್ತು ವರ್ಷ ಆಯ್ತು. ಮುಟ್ಟಲಿಕ್ಕಿಲ್ಲ."

ಮರುದಿನ ಕೇಳಿದೆ. "ನೀನು ಮೊದಲು ಅಲಸಂಡೆ ಕೊಯ್ಯಿ" ಎಂದರು. ಅದರ ಮರುದಿನವೂ ಕೇಳಿದೆ. ಅವರು ಎರಡು ಕೊಡಪಾನ ಹಿಡಿದು ಏರು ಹತ್ತುತ್ತಿದ್ದರು, ನಡುವೆ ನಿಂತು ಕಾಲು ಒತ್ತಿಕೊಂಡರು. ನನಗೆ ಸಿಟ್ಟು ಬಂತು. ನಾನು ಮನೆಯ ಹೊರಗೆ ಯಾರ ಹತ್ತಿರವೂ ಸಿಟ್ಟಿನಲ್ಲಿ ಮಾತನಾಡಿದವಳಲ್ಲ. ಆ ದಿನ ಮಾತನಾಡಿದೆ.

"ನಿಮಗೆ ಹೆದರಿಕೆ ಅಷ್ಟೆ. ಮಾವ ಇದ್ದಿದ್ದರೆ ಹೋಗುತ್ತಿದ್ದರು."

ಅತ್ತೆ ಕೊಡಪಾನ ಕೆಳಗಿಟ್ಟು ನನ್ನನ್ನು ನೋಡಿದರು. ಮತ್ತೆ ಎತ್ತಿಕೊಂಡು ಮೇಲೆ ಹೋಗಿ ನೀರನ್ನು ಬಸಳೆಯ ಬುಡಕ್ಕೆ ಹೊಯ್ದು ಮನೆಯೊಳಗೆ ಹೋದರು. ಸಂಜೆ ಪಿಕ್ಕಾಸಿನ ಹಿಡಿ ಬಿಗಿಯಾಗಲು ಆಪು ಹೊಡೆಯುವ ಶಬ್ದ ಕೇಳಿತು.

ಒಂದು ಕೋಲು ಕೊರೆಯಲು ಎರಡು ದಿನ ಹಿಡಿಯಿತು. ಅತ್ತೆ ಕೊರೆದರು, ಬುಟ್ಟಿ ಎಳೆದದ್ದು ನಾನು. ಎರಡನೆಯ ದಿನ ಮಧ್ಯಾಹ್ನ ಗೋಡೆಯಿಂದ ನೀರು ಚಿಮ್ಮಿ ಅವರ ಸೀರೆ ಒದ್ದೆಯಾಯಿತು. ಹೊರಗೆ ಬಂದು ಬಕೆಟು ಇಟ್ಟೆವು. ನಾಲ್ಕೇ ನಿಮಿಷ! ನಾನು ಕುಣಿದೆ. ಕೂಡಲೇ ಅಧಿಕಾರಿಗೆ ಫೋನ್ ಮಾಡಿದೆ. ಅತ್ತೆಯೂ ನಕ್ಕರು. "ನಿನ್ನ ಮಾವನಿಗೆ ಹೇಳು, ಹೆದರಿಕೆ ಇಲ್ಲ ಅಂತ" ಎಂದರು. ಆದರೆ ಅರಿಶಿನ ಹಚ್ಚಲು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಒಳಗಿನ ಕಟ್ಟ ಅರ್ಧವೂ ತುಂಬಿರಲಿಲ್ಲ. ಅತ್ತೆ ಬತ್ತಿ ಹಿಡಿದು ಒಳಗೆ ಹೋದರು, ಹಿಂದಿನಿಂದ ನಾನು ಹೋದೆ. ಹೊಸ ಕೋಲಿನ ನೆಲದಲ್ಲಿ ಇಲಿಯ ಬಿಲದಷ್ಟು ದೊಡ್ಡ ತೂತು ಬಿದ್ದಿತ್ತು. ಗೋಡೆಯಿಂದ ಇಳಿದ ನೀರೆಲ್ಲ ನಮ್ಮ ಕಡೆಗೆ ಬಾರದೆ ಅದರೊಳಗೆ ಹೋಗುತ್ತಿತ್ತು. ಶೇಡಿಯ ಪದರ ಒಡೆದಿತ್ತು.

ಅತ್ತೆ ಶೇಡಿಮಣ್ಣು ಕಲಸಿ ತುಂಬಿದರು. ಗೋಣಿ ತುರುಕಿದರು. ಸಿಮೆಂಟು ತರಿಸಿದರು. ಒಂದು ಕಡೆ ಮುಚ್ಚಿದರೆ ಗೇಣು ದೂರದಲ್ಲಿ ಇನ್ನೊಂದು ತೂತು. ಏಳು ದಿನ ನೋಡಿದರು. ಎಂಟನೆಯ ದಿನ ಕಟ್ಟದಲ್ಲಿ ಉಳಿದಿದ್ದ ಕೆಸರು ನೀರಿನಲ್ಲಿ ಕೈಕಾಲು ತೊಳೆದು ಹೊರಗೆ ಬಂದರು.

ತಿಂಗಳ ಕೊನೆಗೆ ಅಧಿಕಾರಿ ಬಂದರು. ಬರಬೇಡಿ ಎಂದು ಫೋನ್ ಮಾಡುವ ಧೈರ್ಯ ನನಗೆ ಇರಲಿಲ್ಲ. ಅವರು ಬಕೆಟನ್ನು ಬೈಕಿನಿಂದ ಇಳಿಸಲೇ ಇಲ್ಲ. ಕಾಗದದಲ್ಲಿ ಒಂದು ಸಾಲು ಬರೆದರು. ನಾನು ಬಗ್ಗಿ ಓದಿದೆ. ನೀರಿನ ಮೂಲ ಇಲ್ಲ ಎಂದು ಬರೆದಿದ್ದರು.

ಆ ಸಂಜೆ ಅತ್ತೆ ನನಗೆ ಹೇಳಿದ್ದು ಇಷ್ಟೇ. "ಯಾರು ಕೇಳಿದರೂ ನೀನು ಎಂತದೂ ಹೇಳುವುದು ಬೇಡ. ನೀನು ಮದುವೆಯಾಗಿ ಹೋಗುವವಳು. ನೀರು ಕಳೆದವಳು ಅಂತ ಹೆಸರು ಬೇಡ."

ಜನ ಕೇಳದೆ ಇರಲಿಲ್ಲ. ಚಾ ಅಂಗಡಿಯ ಮುದ್ದಣ್ಣ ದಾರಿಯಲ್ಲೇ ಕರೆದು ಕೇಳಿದರು.

"ಎಂತ ಕಮಲಕ್ಕ, ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಗಂಜಿಯ ಪಾತ್ರೆಗೆ ಬಿತ್ತಂತೆ?"

"ಹೌದು ಮುದ್ದಣ್ಣ, ಬಿತ್ತು. ನನಗೆ ಆಸೆ ಆಯ್ತು."

"ಪುರಂದರಣ್ಣನಿಗೆ ಆಸೆ ಬೇಡ ಅಂದವಳು ನೀನೇ ಅಲ್ವಾ?"

"ನಾನೇ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ಅತ್ತೆಯ ಹಿಂದೆ ತರಕಾರಿಯ ಚೀಲ ಹಿಡಿದು ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮಳೆಗಾಲ ಕಳೆದ ಮೇಲೆ ಹೊಸ ಸುರಂಗ ಕೊರೆಯಲು ಸೀತಾಂಗೋಳಿ ಕಡೆಯ ಒಬ್ಬರು ಅತ್ತೆಗೆ ಹೇಳಿಟ್ಟಿದ್ದರು. ಅವರು ಫೋನ್ ಮಾಡಿ, ಈಗ ಬೇಡ, ಬೋರ್‌ವೆಲ್ ತೆಗೆಸುತ್ತೇವೆ ಎಂದರು. ವರ್ಷ ವರ್ಷ ಸುರಂಗದ ಹೂಳು ತೆಗೆಯಲು ಕರೆಯುತ್ತಿದ್ದ ಇಬ್ಬರು ಈ ಸಲ ಕರೆಯಲಿಲ್ಲ. ತನ್ನದನ್ನೇ ಒಡೆದವಳು ನಮ್ಮದನ್ನು ಬಿಡುತ್ತಾಳಾ ಎಂದು ಒಬ್ಬರು ಹೇಳಿದ್ದು ನನ್ನ ಅಮ್ಮನ ಕಿವಿಗೆ ಬಿತ್ತು.

ಯೋಜನೆಯ ಪಟ್ಟಿ ಬಂದಾಗ ನಮ್ಮ ವಾರ್ಡಿನಿಂದ ಪುರಂದರಣ್ಣನ ಹೆಸರಿತ್ತು. ಅವರಿಗೆ ಜಾಗ ಹೆಚ್ಚಿಲ್ಲ, ನಿಯಮದಲ್ಲಿ ಏನೂ ತಪ್ಪಿಲ್ಲ. ಪಂಪು ಕೂರಿಸಿದ ದಿನ ಅವರೇ ಅತ್ತೆಯ ಅಂಗಳಕ್ಕೆ ಬಂದರು.

"ಕಮಲ, ಆವತ್ತು ನೀನು ಕೂತಲ್ಲಿಂದ ಏಳದೆ ಇದ್ದದ್ದು ಒಳ್ಳೆಯದಾಯ್ತು ಮಾರಾಯ್ತಿ. ನನ್ನ ಬಕೆಟು ಮೂರೂವರೆ ನಿಮಿಷಕ್ಕೆ ತುಂಬಿತು. ನಿನಗೆ ನೀರು ಬೇಕಾದರೆ ಬೆಳಿಗ್ಗೆ ನಮ್ಮ ಟ್ಯಾಂಕಿಯಿಂದ ಹಿಡಿದುಕೋ. ಏಳು ಗಂಟೆಯ ಒಳಗೆ ಬರಬೇಕು, ಆಮೇಲೆ ಪಂಪು ಹಾಕ್ಲಿಕ್ಕುಂಟು."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅತ್ತೆ "ಆಯ್ತು ಪುರಂದರಣ್ಣ" ಎಂದರು. ಮರುದಿನದಿಂದ ಕೊಡಪಾನ ಹಿಡಿದು ಹೋಗುತ್ತಿದ್ದಾರೆ. ಆ ಟ್ಯಾಂಕಿ ನಮ್ಮ ಸುರಂಗದ ಬಾಯಿಗಿಂತಲೂ ತಗ್ಗಿನಲ್ಲಿದೆ. ಅರುವತ್ತು ಕೊಡಪಾನ ಆಗುವುದಿಲ್ಲ, ಹದಿನೆಂಟು ಆಗುತ್ತದೆ. ಅಲಸಂಡೆ ಒಣಗಿತು, ಮುಳ್ಳುಸೌತೆಯ ಬಳ್ಳಿ ಕಿತ್ತುಹಾಕಿದೆವು. ಬಸಳೆ ಮತ್ತು ಒಂದು ಸಾಲು ಹರಿವೆ ಉಳಿದಿದೆ.

ಹಿಂದಿನ ನಾಲ್ಕು ಪ್ರತಿಗಳಲ್ಲಿ ನಾನು, ಕಮಲತ್ತೆ ಆಸೆಯಿಂದ ಒಂದು ಕೋಲು ಹೆಚ್ಚು ಕೊರೆದರು ಎಂದೇ ಬರೆದಿದ್ದೆ. ಅದು ಸುಳ್ಳು. ಇಪ್ಪತ್ತಾರು ಸುರಂಗಗಳಲ್ಲಿ ಅವರು ಒಂದರಲ್ಲಿಯೂ ಆಸೆಗೆ ಕೊರೆಯಲಿಲ್ಲ. ಮೂವತ್ತೆರಡನೆಯ ಕೋಲು ನನ್ನದು. ತೀರಿಹೋದ ಮಾವನ ಹೆಸರು ಹೇಳಿ ನಾನು ಕೊರೆಸಿದ್ದು. ಹೂಳು ತೆಗೆಯಲು ಅವರನ್ನು ಕರೆಯದೆ ಬಿಟ್ಟವರು ಇದನ್ನು ತಿಳಿದುಕೊಳ್ಳಬೇಕು. ಮುದ್ದಣ್ಣನೂ ತಿಳಿದುಕೊಳ್ಳಬೇಕು.

ಇದನ್ನು ಅತ್ತೆಗೆ ಓದಿ ಹೇಳಿಲ್ಲ, ಹೇಳಿದರೆ ಕೊಡಲು ಬಿಡುವುದಿಲ್ಲ. ನಾಳೆ ಬೆಳಿಗ್ಗೆ ಆರು ಗಂಟೆಗೆ ಪುರಂದರಣ್ಣನ ಟ್ಯಾಂಕಿಯಿಂದ ಹದಿನೆಂಟು ಕೊಡಪಾನವನ್ನೂ ನಾನೇ ಹೊರುತ್ತೇನೆ. ಆಮೇಲೆ ಈ ಕಾಗದಗಳನ್ನು ವಾಚನಾಲಯಕ್ಕೆ ತೆಗೆದುಕೊಂಡು ಹೋಗಿ ಜಿತೇಂದ್ರ ಮಾಸ್ಟ್ರ ಕೈಯಲ್ಲಿ ಕೊಡುತ್ತೇನೆ.