ಯಶೋದಮ್ಮನ ಹೆಸರಲ್ಲಿ ಕೂತವರು

ಆವತ್ತು ಮೀಟಿಂಗ್ ಇತ್ತು. ನಮ್ಮ ಯಜಮಾನ್ರು ಮಂಟಯ್ಯ ಊಟ ಮುಗಿಸಿ ಇನ್ನೊಂದ್ಸಲ ಮುಖ ತೊಳೆದ್ರು. ತಲೆ ಬಾಚಿ, ಮದುವೆ ಮನೆಗೆ ಹಾಕೋ ಬಿಳಿ ಶರ್ಟು ಹಾಕಿದ್ರು. ಕೆಳಗೆ ಮಾತ್ರ ಹೊಲಕ್ಕೆ ಹೋಗೋ ಹಳೇ ಪಂಚೆ. ಸೊಂಟದಿಂದ ಕೆಳಗೆ ಫೋನಲ್ಲಿ ಕಾಣಲ್ಲ ಅಂತ ಅವರಿಗೆ ಗೊತ್ತಿತ್ತು.

ಮನೆ ಒಳಗೆ ಸಿಗ್ನಲ್ ಬರಲ್ಲ. ಹುಣಸೆ ಮರದ ಕೆಳಗೆ ಬರ್ತದೆ. ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಎದುರಿಗೆ ಸ್ಟೂಲ್ ಇಟ್ಟು, ಸ್ಟೂಲ್ ಮೇಲೆ ನೀರು ತುಂಬಿದ ಚೊಂಬು ಇಟ್ಟು, ಚೊಂಬಿಗೆ ಫೋನ್ ಒರಗಿಸಿ ಕೂತ್ರು. ನಾನು ಅಲ್ಲೇ ಪಕ್ಕದಲ್ಲಿ ಹಸಕ್ಕೆ ಹುಲ್ಲು ಕತ್ತರಿಸ್ತಿದ್ದೆ.

ಮೀಟಿಂಗ್ ಯಾವುದು ಅಂತ ಹೇಳಬೇಕು. ನಮ್ಮದೊಂದು ರೈತರ ಕಂಪನಿ ಇದೆ. ಆಫೀಸು ಹುಣಸೂರಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಕಡೆಯೋರು ಷೇರು ಹಾಕಿದ್ದಾರೆ. ಡೈರೆಕ್ಟರುಗಳು ತಿಂಗಳಿಗೊಂದು ಸಲ ಸೇರಬೇಕು. ಬಸ್ಸಲ್ಲಿ ಹೋಗಿ ಬಂದ್ರೆ ಒಂದು ದಿನದ ಕೆಲಸ ಹಾಳು. ಅದಕ್ಕೆ ಫೋನಲ್ಲೇ ಸೇರ್ತಾರೆ.

ಡೈರೆಕ್ಟರ್ ನಾನು. ಅವರಲ್ಲ. ಹೆಂಗಸರೂ ಇರಬೇಕು ಅಂತ ರೂಲ್ಸ್ ಇತ್ತು. ಷೇರು ನನ್ನ ಹೆಸರಿಗೆ ಮಾಡಿಸಿ ನನ್ನನ್ನ ನಿಲ್ಲಿಸಿದ್ರು. ಫೋನಲ್ಲಿ ಬರೋ ಹೆಸರೂ ಯಶೋದಮ್ಮ ಅಂತಲೇ. ಕೂರೋರು ಅವರು. ಇದರಲ್ಲಿ ಮೋಸ ಇದೆ ಅಂತ ನಮಗೆ ಅನ್ನಿಸಿರಲಿಲ್ಲ. ಹನಗೋಡು ಪಕ್ಕದ ನಮ್ಮೂರಲ್ಲಿ ಅರಳಿಕಟ್ಟೆ ಮೇಲೆ ಪಂಚಾಯ್ತಿ ಸೇರಿದ್ರೆ ಮನೆಗೊಬ್ಬರು ಬರಬೇಕು. ಗಂಡನೋ ಹೆಂಡ್ತಿಯೋ ಅತ್ತೆಯೋ, ಯಾರು ಬಂದ್ರೂ ಆ ಮನೆ ಬಂತು ಅಂತಲೇ. ಇದೂ ಹಂಗೇ ಅಂತ ತಿಳಿದಿದ್ವಿ.

ಅವರಿಗೆ ಮೀಟಿಂಗ್ ಅಂದ್ರೆ ಇಷ್ಟ. ಡೈರಿ ಮೀಟಿಂಗು, ಗ್ರಾಮಸಭೆ, ಸ್ಕೂಲ್ ಮೀಟಿಂಗು, ಯಾವುದನ್ನೂ ಬಿಟ್ಟೋರಲ್ಲ. ನಮ್ಮ ಪ್ರಮೀಳಾ ಓದು ಮುಗಿಸಿ ಕೆ.ಆರ್. ನಗರಕ್ಕೆ ಮದುವೆಯಾಗಿ ಹೋದಮೇಲೂ ಸ್ಕೂಲ್ ಮೀಟಿಂಗಿಗೆ ಹೋಗ್ತಿದ್ರು. ಮೊದಲಿಂದ ಕೊನೆವರೆಗೂ ಕೂರೋರು. ಬೇರೆ ಡೈರೆಕ್ಟರುಗಳು ಹಂಗಲ್ಲ. ಫೋನ್ ಒತ್ತಿ ಜೇಬಲ್ಲಿ ಹಾಕ್ಕೊಂಡು ತಮ್ಮ ಕೆಲಸಕ್ಕೆ ಹೋಗೋರು. ಹೆಸರು ಮೀಟಿಂಗಲ್ಲಿ, ಆಳು ತೋಟದಲ್ಲಿ.

ಚೇತನ್‌ಕುಮಾರ್ ಅಂತ ಕಂಪನಿ ಮ್ಯಾನೇಜರು. ಬಿಳಿಕೆರೆ ಕಡೆಯವನು, ಹೊಸದಾಗಿ ಬಂದಿದ್ದ. ಅವನಿಗೆ ಇದೆಲ್ಲ ಗೊತ್ತಾಗಿತ್ತು. ಆವತ್ತು ಮಧ್ಯ ಮಧ್ಯ ಹೇಳದೆ ಕೇಳದೆ ಹೆಸರು ಕೂಗೋಕೆ ಶುರು ಮಾಡಿದ.

"ಬೆಟ್ಟದಪುರದ ಗಂಗಾಧರಪ್ಪನೋರೇ, ಇದೀರಾ?"

ಆ ಕಡೆಯಿಂದ ಒಂದು ಕೋಳಿ ಕೂಗ್ತು.

"ಕೋಳಿ ಹಾಜರು ಅಂತ ಬರ್ಕಳಿ ಸಾ," ಅಂದ್ರು ನಮ್ಮೋರು.

ಎಲ್ಲರೂ ನಕ್ಕರು. ಸ್ವಲ್ಪ ಹೊತ್ತಿಗೆ ಗಂಗಾಧರಪ್ಪ ಓಡಿ ಬಂದ್ರು. "ಇಲ್ಲೇ ಇದೀನಿ ಕಣಪ್ಪ, ಹೊಗೆಸೊಪ್ಪು ಬೇಯ್ಸೋ ಬ್ಯಾರನ್ನಿಗೆ ಸೌದೆ ಹಾಕಾಕೋಗಿದ್ದೆ."

"ವೆಂಕಟೇಶ್ ಅವರೇ, ಎಲ್ಲಿದೀರಿ?"

"ಮನೇಲೇ ಕೂತಿದೀನಿ ಸಾರ್."

ಅವರ ಹಿಂದಿನಿಂದ ಯಾರೋ ಕೂಗಿದ್ರು, "ಬಿಳಿಕೆರೆ ಯಾರ್ರೀ, ಬೇಗ ಇಳೀರಿ!"

"ಏನ್ರೀ, ಮನೇಲಿ ಕಂಡಕ್ಟರ್ ಇಟ್ಕಂಡಿದೀರಾ?" ಅಂದ್ರು ಪುಟ್ಟಮಲ್ಲಪ್ಪ. ಕೋಟೆ ತಾಲೂಕಿನೋರು, ಕಂಪನಿಗೆ ಅಧ್ಯಕ್ಷರು. ವಯಸ್ಸಾದೋರು.

"ಯಶೋದಮ್ಮನೋರು?"

"ಇದೀನಿ ಸಾ," ಅಂದ್ರು ನಮ್ಮ ಯಜಮಾನ್ರು.

"ಯಶೋದಮ್ಮನೋರಿಗೆ ಮೀಸೆ ದಪ್ಪ ಆಯ್ತಾ ಅದೆ," ಅಂದ್ರು ಪುಟ್ಟಮಲ್ಲಪ್ಪ. ಪ್ರತಿ ತಿಂಗಳೂ ಇದೇ ತಮಾಷೆ. ಪ್ರತಿ ತಿಂಗಳೂ ನಗೋರು.

ಚೇತನ್‌ಕುಮಾರ್ ನಗಲಿಲ್ಲ. ದುಡ್ಡು ಕೊಡೋ ಆಫೀಸಿನೋರು ಇನ್ಮೇಲೆ ಯಾರು ನಿಜವಾಗಿ ಕೂತಿದ್ರು ಅಂತ ಕೇಳ್ತಾರೆ, ಬರೀ ಹೆಸರು ಸಾಲಲ್ಲ, ಮುಂದಿನ ತಿಂಗಳಿಂದ ಮುಖ ಕಾಣಬೇಕು, ಡೈರೆಕ್ಟರ್ ಯಾರೋ ಅವರೇ ಕೂರಬೇಕು ಅಂದ.

ಆಮೇಲೆ ಕಣದ ವಿಷಯ ಬಂತು. ಅದು ನಮ್ಮೋರು ವರ್ಷಗಟ್ಟಲೆ ಕೇಳ್ತಿದ್ದ ವಿಷಯ. ನಮ್ಮೂರಲ್ಲಿ ಕಾಳು ಒಣಗಿಸೋಕೆ ಜಾಗ ಇಲ್ಲ. ಮುಸುಕಿನ ಜೋಳ, ರಾಗಿ, ಹುರುಳಿ, ಎಲ್ಲ ಟಾರ್ ರೋಡ್ ಮೇಲೆ. ಗಾಡಿ ಹತ್ತದೆ ಇರಲಿ ಅಂತ ಸುತ್ತ ಕಲ್ಲು ಇಡ್ತಾರೆ. ಸಾಯಂಕಾಲ ಕಾಳು ತುಂಬ್ಕೊಂಡು ಹೋಗ್ತಾರೆ, ಕಲ್ಲು ಅಲ್ಲೇ ಬಿಡ್ತಾರೆ. ಒಂದ್ಸಲ ನಸುಕಲ್ಲಿ ಡೈರಿಗೆ ಹಾಲು ತರ್ತಿದ್ದೋರ ಬೈಕು ಕಲ್ಲಿಗೆ ಬಡಿದು ಬಿತ್ತು. ಅವರ ಕಾಲು ಇವತ್ತಿಗೂ ನೆಟ್ಟಗಿಲ್ಲ. ಎತ್ತಿ ಕೂರಿಸಿದೋರು ನಮ್ಮ ಯಜಮಾನ್ರು. ಅಲ್ಲಿಂದ ದಿನಾ ಬೆಳಿಗ್ಗೆ ಎದ್ದು ರೋಡಿಗೆ ಹೋಗಿ, ಊರೋರು ಬಿಟ್ಟ ಕಲ್ಲನ್ನೆಲ್ಲ ಎತ್ತಿ ಪಕ್ಕಕ್ಕೆ ಹಾಕಿ ಬರೋರು. ಹಿಂಗಾದ್ರೆ ಆಗಲ್ಲ, ಒಂದು ಸಿಮೆಂಟ್ ಕಣ ಬೇಕು ಅಂತ ಕಂಪನೀಲಿ ಕೇಳ್ತಾ ಇದ್ರು. ಕಂಪನಿಗೆ ವರ್ಷಕ್ಕೆ ಒಂದೇ ಕಣಕ್ಕೆ ದುಡ್ಡು ಬರೋದು. ಆವತ್ತು ಎಲ್ಲರೂ ಒಪ್ಪಿದ್ರು. ಮೊದಲ ಕಣ ನಮ್ಮೂರಿಗೆ.

ಫೋನ್ ಆರಿಸಿ ಬಂದ್ರು. "ಪಾಸಾಯ್ತು ಕಣಮ್ಮಿ."

"ಕೇಳಿಸ್ತು ಬುಡಿ. ಊರಿಗೆಲ್ಲ ಕೇಳಂಗೆ ಮಾತಾಡಿದ್ರಲ್ಲ."

"ಮುಂದಿನ ತಿಂಗಳಿಂದ ನೀನೇ ಕೂರಬೇಕಂತೆ. ಬಾ ಇಲ್ಲಿ, ಇದನ್ನ ಒತ್ತಿದ್ರೆ ಮಾತು ಓಯ್ತದೆ, ಇದನ್ನ ಒತ್ತಿದ್ರೆ ಮುಖ ಕಾಣ್ತದೆ."

"ಕೈಯೆಲ್ಲ ಹುಲ್ಲು. ನನ್ನ ಮುಖ ಯಾರು ನೋಡಬೇಕಾಗಿ ಅದೆ?"

"ಸರ್ಕಾರ ನೋಡಬೇಕಂತೆ ಕಣೆ. ನಾನೊಬ್ಬನೇ ನೋಡಿದ್ರೆ ಸಾಲದಂತೆ," ಅಂತ ನಕ್ಕು, ಶರ್ಟು ಬಿಚ್ಚಿ ಗೂಟಕ್ಕೆ ಹಾಕಿದ್ರು.

ಮಾರನೇ ಬೆಳಿಗ್ಗೆ ರೋಡಿಗೆ ಹೋಗಿ ಬಂದ್ರು. ಜಗುಲಿ ಮೇಲೆ ಕೂತು ನೀರು ಕೇಳಿದ್ರು. ತಂದು ಕೊಟ್ಟೆ. ಕುಡೀಲಿಲ್ಲ. ಎದೆ ಹಿಡ್ಕಂಡದೆ ಅಂದ್ರು. ಆಟೋದಲ್ಲಿ ಹಾಕ್ಕೊಂಡು ಹುಣಸೂರಿಗೆ ಹೊರಟ್ವಿ. ದಾರಿಯಲ್ಲೇ ಹೋದ್ರು. ಅಷ್ಟೇ. ಇದರ ಮೇಲೆ ಹೇಳೋಕೆ ನನಗೆ ಬರಲ್ಲ.

ತಿಥಿ ಮುಗಿದು ಸ್ವಲ್ಪ ದಿನಕ್ಕೆ ಚೇತನ್‌ಕುಮಾರ್ ಬಂದ. ಜೊತೆಗೆ ಪುಟ್ಟಮಲ್ಲಪ್ಪನವರೂ ಬಂದ್ರು. ಪಕ್ಕದ ಮನೆ ರಾಧಾ ಕಾಫಿ ಮಾಡಿಕೊಟ್ಟು ಬಾಗಿಲಲ್ಲೇ ನಿಂತಳು. ಪುಟ್ಟಮಲ್ಲಪ್ಪ ಫೋಟೋ ನೋಡಿ ಕಣ್ಣೊರೆಸಿಕೊಂಡ್ರು. ಚೇತನ್‌ಕುಮಾರ್ ಕಾಫಿ ಕುಡಿದು ಲೋಟ ಕೆಳಗಿಟ್ಟ.

ಆಮೇಲೆ ಅಂದ, "ಅಮ್ಮ, ಒಂದು ಕೇಳಬೇಕು. ಆವತ್ತಿನ ಮೀಟಿಂಗಲ್ಲಿ ನೀವು ಇದ್ರಾ?"

"ನಾನು ಹುಲ್ಲು ಕತ್ತರಿಸ್ತಿದ್ದೆ."

"ಅಂದ್ರೆ ಅಲ್ಲೇ ಇದ್ರಲ್ಲವ್ವ," ಅಂದ್ರು ಪುಟ್ಟಮಲ್ಲಪ್ಪ. "ಕಿವಿಗೆ ಬಿತ್ತಲ್ಲ. ಇದ್ದೆ ಅನ್ನು, ಮುಗೀತು."

ಚೇತನ್‌ಕುಮಾರ್ ಬಿಡಿಸಿ ಹೇಳಿದ. ಮೀಟಿಂಗ್ ನಡೀಬೇಕಾದ್ರೆ ಡೈರೆಕ್ಟರುಗಳು ಇಂತಿಷ್ಟು ಜನ ಇರಲೇಬೇಕು. ಆವತ್ತು ನನ್ನನ್ನ ಸೇರಿಸಿದ್ರೆ ಸರಿಹೋಗ್ತದೆ. ಬಿಟ್ರೆ ಒಬ್ಬರು ಕಡಿಮೆ. ಕಡಿಮೆ ಆದ್ರೆ ಆ ಮೀಟಿಂಗೇ ನಡೆದಿಲ್ಲ ಅಂತ ಲೆಕ್ಕ, ಕಣ ಪಾಸಾಗಿದ್ದೂ ಬಿದ್ದೋಗ್ತದೆ. ಕಣದ ದುಡ್ಡು ಬರಬೇಕಾದ್ರೆ ಆವತ್ತು ಯಾರ್ಯಾರು ನಿಜವಾಗಿ ಇದ್ರು ಅಂತ ಅವನು ಬರೆದು ಕಳಿಸಬೇಕು. ನಾನು ಸಹಿ ಹಾಕಬೇಕು.

"ಮಿಷನ್ನೇ ಹೇಳ್ತಾ ಅದಲ್ಲವ್ವ," ಅಂದ್ರು ಪುಟ್ಟಮಲ್ಲಪ್ಪ. "ಯಶೋದಮ್ಮ ಬಂದ್ರು, ಕೊನೆಗಂಟ ಇದ್ರು ಅಂತ. ನೀನು ಹೂಂ ಅನ್ನಾದೊಂದೇ ಬಾಕಿ."

"ಕೂತಿದ್ದೋರು ಅವರಲ್ವಾ?"

"ಅದು ನಮಗೆಲ್ಲ ಗೊತ್ತು ಕಣವ್ವ."

"ಗೊತ್ತಿದ್ರೆ ಅವರ ಹೆಸರು ಬರೀರಿ."

"ಅವರು ಡೈರೆಕ್ಟರ್ ಅಲ್ವಲ್ಲಮ್ಮ," ಅಂದ ಚೇತನ್‌ಕುಮಾರ್.

"ಮನೆಗೊಬ್ಬರು ಬಂದಿದ್ರಲ್ಲಪ್ಪ."

"ಕಂಪನೀಲಿ ಮನೆ ಲೆಕ್ಕ ಇಲ್ಲಮ್ಮ. ಆಳು ಲೆಕ್ಕ."

ಗೂಟದಲ್ಲಿ ಆ ಬಿಳಿ ಶರ್ಟು ಇನ್ನೂ ಇತ್ತು. ಹೂಂ ಅನ್ನೋದು ದೊಡ್ಡ ಕೆಲಸ ಅಲ್ಲ. ಕಣ ಆಗಲಿ ಅಂತ ನನಗೂ ಆಸೆ ಇತ್ತು. ಆದ್ರೆ ನಾನಿದ್ದೆ ಅಂತ ಸಹಿ ಹಾಕಿದ್ರೆ ಅವರು ಇರಲಿಲ್ಲ ಅಂತ ಆಗ್ತದೆ. ಎಲ್ಲರೂ ಎದ್ದು ಹೋದಾಗಲೂ ಕೂತಿದ್ದ ಮನುಷ್ಯ. ಕೊನೇ ಸಲ ಕೂತಿದ್ದನ್ನ ಅಳಿಸಿ ಅಲ್ಲಿ ನನ್ನ ಕೂರಿಸೋಕೆ ನನ್ನ ಕೈ ಬರಲಿಲ್ಲ.

"ಡೈರೆಕ್ಟರ್ ಅಲ್ದೋರು ಬಂದಿದ್ರೆ ಬರೆಯೋಕೆ ಜಾಗ ಇಲ್ವಾ?" ಅಂತ ಕೇಳಿದೆ.

"ಕೆಳಗೆ ಒಂದು ಸಾಲಿದೆ. ಹಾಜರಿದ್ದ ಇತರರು ಅಂತ. ಆದ್ರೆ ಅದು ಲೆಕ್ಕಕ್ಕೆ ಬರಲ್ಲ."

"ಲೆಕ್ಕಕ್ಕೆ ಬರದಿದ್ರೆ ಬೇಡ. ಅಲ್ಲಿ ಬರಿ. ಮಂಟಯ್ಯ, ಯಶೋದಮ್ಮನ ಗಂಡ. ಮೊದಲಿಂದ ಕೊನೆವರೆಗೂ ಇದ್ರು."

"ಕಣ ಹೋಯ್ತದೆ ಕಣವ್ವ," ಅಂದ್ರು ಪುಟ್ಟಮಲ್ಲಪ್ಪ.

"ಇನ್ನೊಂದ್ಸಲ ಕೇಳ್ತೀನಿ. ನಾನೇ ಕೂತು ಕೇಳ್ತೀನಿ."

ಚೇತನ್‌ಕುಮಾರ್ ಬರೆದ. ಬರೆದದ್ದನ್ನ ಓದಿ ಹೇಳಿದ. ಸಹಿ ಹಾಕಿದೆ. ನಾನು ಮೂರನೇ ಕ್ಲಾಸು, ನಿಧಾನಕ್ಕೆ ಹಾಕ್ತೀನಿ. ಅವನು ಕಾದ.

ಅವರು ಹೋದಮೇಲೆ ರಾಧಾ ಲೋಟ ತೊಳೀತಾ ಬೈದಳು. "ಏನಕ್ಕ ನೀನು! ಸತ್ತೋರಿಗೆ ಯಾಕಕ್ಕ ಹಾಜರಿ? ಬದುಕಿರೋರಿಗೆ ಕಣ ಬೇಕಾಗಿತ್ತು."

"ನನಗೂ ಬೇಕು ಕಣೆ."

"ಬೇಕು ಅನ್ನೋರು ಮಾಡೋ ಕೆಲಸನಾ ಇದು?"

ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಊರಲ್ಲಿ ಬೇರೆಯೋರೂ ಅದನ್ನೇ ಅಂದ್ರು. ಕೆಲವರು ಡೈರಿ ಹತ್ರ ಸಿಕ್ಕಿದ್ರೆ ಮುಖ ತಿರುಗಿಸ್ತಿದ್ರು.

ಮುಂದಿನ ಮೀಟಿಂಗಿಗೆ ಹುಣಸೆ ಮರದ ಕೆಳಗೆ ಕುರ್ಚಿ, ಸ್ಟೂಲು, ಚೊಂಬು ಎಲ್ಲ ನಾನೇ ಇಟ್ಟೆ. ಫೋನ್ ಅವರದ್ದೇ. ಫೋನ್ ಒತ್ತೋದನ್ನ ಪ್ರಮೀಳಾ ಕೆ.ಆರ್. ನಗರದಿಂದ ಬಂದಾಗ ಹೇಳಿಕೊಟ್ಟಿದ್ದಳು. ಆದ್ರೂ ಮೊದಲು ತಪ್ಪು ಒತ್ತಿದೆ. ನಾನು ನಮಸ್ಕಾರ ಹೇಳಿ, ಸುಖ ಸಮಾಚಾರ ವಿಚಾರಿಸಿ, ಇಷ್ಟುದ್ದ ಮಾತಾಡಿಬಿಟ್ಟಿದ್ದೆ. ಚೇತನ್‌ಕುಮಾರ್ ಅಂದ, "ಅಮ್ಮ, ಬಾಯಿ ಆಡ್ತಾ ಇದೆ, ಮಾತು ಬರ್ತಿಲ್ಲ. ಮೈಕ್ ಮೇಲೆ ಕೆಂಪು ಗೆರೆ ಇದೆಯಲ್ಲ, ಅದನ್ನ ಒತ್ತಿ." ಒತ್ತಿದೆ.

ಎಲ್ಲರ ಮುಖ ಚಿಕ್ಕ ಚಿಕ್ಕದಾಗಿ ಕಾಣ್ತಿತ್ತು. ಇಷ್ಟು ವರ್ಷ ದನಿ ಕೇಳಿದ್ದೆ, ಮನೆಗೆ ಬಂದಿದ್ದ ಇಬ್ಬರನ್ನ ಬಿಟ್ರೆ ಬೇರೆಯೋರ ಮುಖ ನೋಡಿರಲಿಲ್ಲ. ಆವತ್ತು ಯಾರೂ ಫೋನ್ ಬಿಟ್ಟು ಹೋಗಿರಲಿಲ್ಲ. ಗಂಗಾಧರಪ್ಪನ ಹಿಂದೆ ಬ್ಯಾರನ್ನು ಕಾಣ್ತಿತ್ತು, ಅವರು ಮಾತ್ರ ಎದ್ದು ಹೋಗಲಿಲ್ಲ.

"ಯಶೋದಮ್ಮನೋರು?" ಅಂತ ಕೂಗಿದ ಚೇತನ್‌ಕುಮಾರ್.

"ಇದೀನಿ," ಅಂದೆ.

"ಯಶೋದಮ್ಮನೋರಿಗೆ..." ಅಂತ ಶುರು ಮಾಡಿದ್ರು ಪುಟ್ಟಮಲ್ಲಪ್ಪ. ಅಭ್ಯಾಸ. ಅಲ್ಲಿಗೇ ನಿಲ್ಲಿಸಿ ಕೆಮ್ಮಿದ್ರು.

ನಾನು ಕಣದ ವಿಷಯ ಹೇಳಿದೆ. ಅವರಂಗೆ ಮಾತಾಡೋಕೆ ನನಗೆ ಬರಲ್ಲ. ರೋಡಿನ ವಿಷಯ ಹೇಳಿದೆ, ಕಲ್ಲಿನ ವಿಷಯ ಹೇಳಿದೆ, ಬೈಕಿಂದ ಬಿದ್ದೋರ ವಿಷಯ ಹೇಳಿದೆ. ಮುಗೀತು ಅಂದೆ.

ಗಂಗಾಧರಪ್ಪ ತಮ್ಮೂರಿಗೂ ಕಣ ಕೇಳಿದ್ರು. ಹಿಂದಿನ ಮೀಟಿಂಗಿಗೆ ಅವರ ಜಾಗದ ಪತ್ರ ಬಂದಿರಲಿಲ್ಲ, ಈಗ ಬಂದಿತ್ತು. ಅವರ ಕಡೆ ಜೋಳ ಬೆಳೆದೋರು ಜಾಸ್ತಿ. ಕೈ ಎತ್ತಿಸಿದ್ರು. ಹೆಚ್ಚು ಕೈ ಅವರ ಕಡೆಗೇ ಬಂತು. ಈ ವರ್ಷದ ಕಣ ಬೆಟ್ಟದಪುರದ ಕಡೆಗೆ, ನಮ್ಮದು ಮುಂದಿನ ವರ್ಷ ನೋಡೋಣ ಅಂತ ಆಯ್ತು.

"ಬೇಜಾರು ಮಾಡ್ಕಬ್ಯಾಡಿ ಅಕ್ಕ," ಅಂದ್ರು ಗಂಗಾಧರಪ್ಪ.

"ಮಾಡ್ಕಂಡಿದೀನಿ," ಅಂದೆ. "ಮುಂದಿನ ತಿಂಗಳು ಮತ್ತೆ ಕೇಳ್ತೀನಿ."

ಕೇಳ್ತಾ ಇದೀನಿ. ಒಂದು ಮೀಟಿಂಗೂ ಬಿಟ್ಟಿಲ್ಲ. ಕೊನೆವರೆಗೂ ಕೂರ್ತೀನಿ. ಕಣ ಇನ್ನೂ ಬಂದಿಲ್ಲ. ರಾಧಾ ಈಗ ಬೈಯೋದು ಬಿಟ್ಟಿದ್ದಾಳೆ, ಮೀಟಿಂಗ್ ದಿನ ನಮ್ಮ ಹಸಕ್ಕೂ ಹುಲ್ಲು ಹಾಕ್ತಾಳೆ.

ಊರೋರು ಈಗಲೂ ರೋಡ್ ಮೇಲೇ ಒಣಗಿಸ್ತಾರೆ, ನಾನೂ ಅಲ್ಲೇ ಒಣಗಿಸೋದು. ಸಾಯಂಕಾಲ ಕಾಳು ತುಂಬ್ಕೊಂಡು ಹೋಗ್ತಾರೆ, ಕಲ್ಲು ಬಿಡ್ತಾರೆ. ಎಷ್ಟು ಹೇಳಿದ್ರೂ ಬಿಡ್ತಾರೆ. ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ, ಹಾಲಿನ ಬೈಕುಗಳು ಬರೋಕೆ ಮುಂಚೆ ನಾನು ರೋಡಿಗೆ ಹೋಗ್ತೀನಿ. ಸಣ್ಣ ಕಲ್ಲು ಎತ್ತಿ ಹಾಕ್ತೀನಿ. ದೊಡ್ಡದು ಎತ್ತೋಕೆ ಆಗಲ್ಲ, ಕಾಲಲ್ಲಿ ಉರುಳಿಸಿ ಚರಂಡಿ ಪಕ್ಕಕ್ಕೆ ತಳ್ತೀನಿ. ಸುಗ್ಗಿ ಇಲ್ಲದ ತಿಂಗಳಲ್ಲೂ ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ. ಆಮೇಲೆ ಬಂದು ಹಾಲು ಕರೀತೀನಿ.