ಅರ್ಧ ಕೆನ್ನೆಯ ನೊರೆ

ಮೇಷ್ಟ್ರ ಗೆಳೆಯನಾದ ಮುದುಕ ಕ್ಷೌರಿಕನ ಕೈಗೆ ಗಡ್ಡ ಕೊಡುವವರು ಅವಸರವನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬರಬೇಕಿತ್ತು. ಬೀದಿಯಲ್ಲಿ ಸೈಕಲ್ ಗಂಟೆ ಬಾರಿಸಿದರೆ ಅವನ ಕಿವಿ ಅದರ ಹಿಂದೆಯೇ ಹೋಗುತ್ತಿತ್ತು. ತಂತಿಯ ಮೇಲೆ ಗುಬ್ಬಿ ಕೂತರೆ ಕಣ್ಣು ಅಲ್ಲಿ. ಎದುರುಮನೆಯಲ್ಲಿ ಪಾತ್ರೆ ಬಿದ್ದರಂತೂ "ತಪ್ಪಲೆ ಅಲ್ಲ, ಮುಚ್ಚಳ" ಎಂದು ತೀರ್ಪು ಕೊಟ್ಟೇ ಈ ಕಡೆ ತಿರುಗುತ್ತಿದ್ದ. ಅಷ್ಟರಲ್ಲಿ ಗಿರಾಕಿಯ ಅರ್ಧ ಕೆನ್ನೆಯ ನೊರೆ ಒಣಗಿ ಹಪ್ಪಳವಾಗಿರುತ್ತಿತ್ತು. ಬೇಡದ ಸದ್ದನ್ನು ತಡೆಯುವ ಮಿದುಳಿನ ನರಜಾಲ ವಯಸ್ಸಾದಂತೆ ಸಡಿಲವಾಗುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಮಗ ಹಟ ಹಿಡಿದ: "ಅಪ್ಪಾ, ಕತ್ತಿ ಇಲ್ಲಿ ಕೊಡು, ಯಾರದಾದ್ರೂ ಕುತ್ತಿಗೆ ಕುಯ್ದುಬಿಟ್ಟೀಯ." ಮುದುಕ ಕತ್ತಿಯನ್ನು ಇನ್ನೂ ಗಟ್ಟಿಯಾಗಿ ಹಿಡಿದ. "ಸಡಿಲ ಆಗಿರೋದು ತಲೆ ಕಣೋ, ಕೈಯಲ್ಲ. ಯಾರ ಮುಖದಲ್ಲಾದ್ರೂ ನಾನು ಮಾಡಿದ ಒಂದು ಗೀರು ತೋರ್ಸು, ನಾಳೆಯಿಂದ ಕೂದಲು ಗುಡಿಸ್ಕೊಂಡಿರ್ತೀನಿ." ತೋರಿಸಲು ಒಂದೂ ಇರಲಿಲ್ಲ. ಯಾಕೆಂದು ದಿನವೂ ಆ ಕುರ್ಚಿಯಲ್ಲಿ ಕೂರುವ ಮೇಷ್ಟ್ರಿಗೆ ಗೊತ್ತಿತ್ತು: ಅವನ ಮನಸ್ಸು ಬೀದಿಗೆ ಇಳಿಯುವ ಮೊದಲೇ ಕತ್ತಿ ಕೆನ್ನೆ ಬಿಟ್ಟು ಗಾಳಿಯಲ್ಲಿ ನಿಂತಿರುತ್ತಿತ್ತು. ಸಾಯುವವರೆಗೂ ಅವನು ಆ ಕತ್ತಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಈಗ ಕುರ್ಚಿ ಅದೇ, ಕೈ ಮಾತ್ರ ಮಗನದು. ಕೂತದ್ದು ಗೊತ್ತಾಗುವ ಮುಂಚೆ ಕೆಲಸ ಮುಗಿದಿರುತ್ತದೆ. ನಿನ್ನೆ ಎದುರುಮನೆಯಲ್ಲಿ ಏನೋ ಠಣ್ಣೆಂದು ಬಿತ್ತು. ಮೇಷ್ಟ್ರು ಮಗನ ಮಣಿಕಟ್ಟು ಹಿಡಿದು ಕತ್ತಿಯನ್ನು ಕೆನ್ನೆಯಿಂದ ಎತ್ತಿಸಿದರು. "ತಾಗ್ತಾ ಮೇಷ್ಟ್ರೇ?" "ಇಲ್ಲಪ್ಪ." ಸದ್ದು ಪೂರ್ತಿ ಅಡಗುವವರೆಗೂ ಅವರು ಕೈ ಬಿಡಲಿಲ್ಲ. "ತಪ್ಪಲೆ ಅಲ್ಲ, ಮುಚ್ಚಳ" ಎಂದರು. "ನೊರೆ ಒಣಗಿದ್ರೆ ಒಣಗ್ಲಿ ಬಿಡು."