ಇಬ್ಬರಿಗೊಂದು ಲಾಗಿನ್

ಪಾಸ್‌ವರ್ಡ್ ಮರೆಯುವವರ ಮೇಲೆ ನನಗೆ ಯಾವತ್ತೂ ಸಿಟ್ಟು ಬಂದಿಲ್ಲ. ಅದನ್ನು ಊರಿಗೆಲ್ಲ ಹಂಚಿ ನಗುವವರ ಮೇಲೆ ಬರುತ್ತದೆ. ನಾಚಾರಂನ ಆ ಕಾರ್ಖಾನೆಯಲ್ಲಿ ಎರಡೂ ಥರದವರಿದ್ದರು.

ಹೈದರಾಬಾದಿನ ಇನ್ನೊಂದು ತುದಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ನಮ್ಮ ಕಂಪನಿಗೆ ಅಂಥ ಭಾಗ್ಯವಿರಲಿಲ್ಲ. ಅಮೀರ್‌ಪೇಟ್‌ನಲ್ಲಿ ಒಂದು ಕೋಚಿಂಗ್ ಸೆಂಟರಿನ ನೆತ್ತಿಯ ಮೇಲೆ ನಮ್ಮ ಆಫೀಸು. ಕೆಳಗೆ ಮೈಕಿನಲ್ಲಿ ಜಾವಾ ಪಾಠ ನಡೆದರೆ ನಮ್ಮ ನೆಲ ಗುಂಯ್‌ಗುಟ್ಟುತ್ತಿತ್ತು. ನಾರಾಯಣಗೂಡದ ಮನೆಯಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಆ ವರ್ಷ ನನ್ನ ಪಾಲಿಗೆ ಬಂದದ್ದು ಪ್ರೆಶರ್ ಕುಕ್ಕರಿನ ವಾಲ್ವು, ರಬ್ಬರ್ ರಿಂಗು ಮಾಡುವ ಈ ಕಾರ್ಖಾನೆ.

ಅವರಲ್ಲಿ ಹಾಜರಿಗೊಂದು, ಲ್ಯಾಬಿನ ಪರೀಕ್ಷೆಗೊಂದು, ಮಾಲು ಕಳಿಸಲಿಕ್ಕೊಂದು ವೆಬ್ ಅಪ್ಲಿಕೇಶನ್ ಇತ್ತು. ಒಂದೊಂದಕ್ಕೂ ಒಂದೊಂದು ಪಾಸ್‌ವರ್ಡ್. ಒಮ್ಮೆ ಲಾಗಿನ್ ಆದರೆ ಎಲ್ಲ ಬಾಗಿಲೂ ತೆರೆಯುವ ಹಾಗೆ ಮಾಡಿಕೊಡುವುದು ನನ್ನ ಕೆಲಸ. ಯಾವ ಅಪ್ಲಿಕೇಶನ್ ಆದರೂ ತುಂಬಬೇಕಾದ ಖಾನೆಗಳು ಅವೇ: ಲಾಗಿನ್ ಪುಟದ ವಿಳಾಸ, ಎರಡು ಕಡೆಯ ಸರ್ವರಿಗೆ ಮಾತ್ರ ಗೊತ್ತಿರಬೇಕಾದ ಗುಟ್ಟಿನ ಕೀಲಿ, ಲಾಗಿನ್ ಆದವರನ್ನು ಅಪ್ಲಿಕೇಶನ್ನಿಗೆ ವಾಪಸು ಕಳಿಸುವ ವಿಳಾಸ. ಪೀಕಲಾಟ ಇರುವುದು ಇವೆಲ್ಲ ಆದಮೇಲೆ ಬರುವ ಇನ್ನೊಂದು ಖಾನೆಯಲ್ಲಿ. ಬಂದವರು ಯಾರು ಅಂತ ಯಾವುದರಿಂದ ಗುರುತಿಸಬೇಕು?

ನೌಕರರ ನಂಬರಿನಿಂದ ಗುರುತಿಸೋಣ ಅಂದೆ. ಕಾಂಟ್ರ್ಯಾಕ್ಟಿನವರಿಗೆ ನಂಬರೇ ಇಲ್ಲ, ಎಲ್ಲರಿಗೂ ಇರುವುದು ಇ-ಮೇಲ್ ಒಂದೇ ಅಂದರು ಕಾರ್ಖಾನೆಯ ಮ್ಯಾನೇಜರು. ಎಲ್ಲರದೂ ಬೇರೆಬೇರೆ ತಾನೇ ಅಂತ ಒತ್ತಿ ಕೇಳಿದೆ. ಒಂದು ಇ-ಮೇಲ್ ಇಬ್ಬರಿಗೆ ಇರುತ್ತದೇನಮ್ಮಾ ಅಂತ ತೆಲುಗಿನಲ್ಲಿ ನಕ್ಕು ಸಮೋಸಾದ ತಟ್ಟೆ ನನ್ನ ಕಡೆ ಸರಿಸಿದರು. ನಮ್ಮ ಟೀಮ್ ಲೀಡ್ ಕೂಡ ನಕ್ಕರು. ಇ-ಮೇಲ್ ಅಂತಲೇ ತೀರ್ಮಾನವಾಯಿತು.

ಲ್ಯಾಬಿನಲ್ಲಿ ವಾಲ್ವು ಪರೀಕ್ಷೆ ಮಾಡುತ್ತಿದ್ದ ಹೆಂಗಸು ಬೀದರ್ ಕಡೆಯವಳು. ಹೊಸ ಲಾಗಿನ್ ಕಲಿಸಲಿಕ್ಕೆ ಹೋದ ದಿನ ನಾನು ಫೋನಿನಲ್ಲಿ ಅವ್ವನ ಜೊತೆ ಕನ್ನಡದಲ್ಲಿ ಮಾತಾಡಿದ್ದು ಕೇಳಿಸಿಕೊಂಡು, ನೀವು ನಮ್ಮವರೇನ್ರಿ ಅಂತ ಹತ್ತಿರ ಬಂದಿದ್ದಳು. ಅವತ್ತಿನಿಂದ ನಾನು ಹೋದಾಗಲೆಲ್ಲ ಅವಳ ಡಬ್ಬಿಯ ರೊಟ್ಟಿ, ಪುಂಡಿಪಲ್ಲೆ ನನಗೂ. ಗಂಡ ಅದೇ ಕಾರ್ಖಾನೆಯಲ್ಲಿ ಮಾಲು ಕಳಿಸುವ ವಿಭಾಗದ ಕ್ಲರ್ಕು. ಅವನಿಗೆ ನೌಕರಿ ಈಚೆಗೆ ಪರ್ಮನೆಂಟ್ ಆಗಿದೆ ಅಂತ ಅವಳು ಪೇಢೆ ಕೊಟ್ಟದ್ದೂ ಉಂಟು.

ಹೊಸ ಲಾಗಿನ್ ಶುರುವಾದ ವಾರವೇ ನನ್ನನ್ನೂ ಟೀಮ್ ಲೀಡನ್ನೂ ಬೆಳಿಗ್ಗೆ ಬೆಳಿಗ್ಗೆ ಕರೆಸಿದರು. ಪರೀಕ್ಷೆಯೇ ಆಗದ ವಾಲ್ವಿನ ಮಾಲು ಲಾರಿ ಹತ್ತಿ ಹೋಗಿತ್ತು. ಕೊಂಡ ಕಂಪನಿಯವರು ನಾಲ್ಕು ವಾಲ್ವು ಹಾಕಿ ನೋಡಿದರೆ ಒಂದೂ ಆವಿ ಬಿಡುತ್ತಿಲ್ಲ. ಕುಕ್ಕರು ಸಿಡಿದಿದ್ದರೆ ಯಾರದೋ ಅಡಿಗೆಮನೆ ಹೋಗುತ್ತಿತ್ತು. ಕಂಪ್ಯೂಟರಿನಲ್ಲಿ ಮಾತ್ರ ‘ಪಾಸ್’ ಅಂತ ಇತ್ತು, ಪಾಸ್ ಮಾಡಿದವರ ಹೆಸರು ಲ್ಯಾಬಿನ ಆ ಹೆಂಗಸಿನದು. ಮಧ್ಯಾಹ್ನ ಮಾಲೀಕರು ಬರುತ್ತಾರೆ, ಲಾಗಿನ್ ಸರಿಯಿದೆ ಅಂತ ನೀವು ಒಂದು ಮಾತು ಹೇಳಿದರೆ ಅವಳನ್ನು ಇವತ್ತೇ ಕೆಲಸದಿಂದ ತೆಗೆಯುತ್ತೇವೆ ಅಂದರು ಮ್ಯಾನೇಜರು.

ಲಾಗಿನ್ ಸರಿಯಿದೆ ಅಂತಲೇ ನಾನೂ ನಂಬಿದ್ದೆ. ಆದರೆ ಇದು ಅವಳ ಕೆಲಸದ ರೀತಿಯಲ್ಲ. ಒಂದು ರಿಂಗಿನ ಮೇಲೆ ಗೆರೆ ಬಿದ್ದರೂ ಎತ್ತಿ ಪಕ್ಕಕ್ಕಿಡುವ ಹೆಂಗಸು ಅವಳು. ಹಳೆಯ ಅಪ್ಲಿಕೇಶನ್‌ಗಳ ಬಳಕೆದಾರರ ಪಟ್ಟಿಗಳನ್ನೆಲ್ಲ ತೆರೆದು ಅವಳ ಇ-ಮೇಲ್ ಹುಡುಕಿದೆ. ಲ್ಯಾಬಿನಲ್ಲಿ ಸಿಕ್ಕಿತು. ಮಾಲು ಕಳಿಸುವ ಕಡೆಯೂ ಅದೇ ಸಿಕ್ಕಿತು, ಗಂಡನ ಹೆಸರಿನ ಮುಂದೆ.

ಪಿತ್ತ ನೆತ್ತಿಗೇರಿತು. ನಾವು ಎಲ್ಲರನ್ನೂ ಒಂದೇ ಕಡೆ ಸೇರಿಸುವಾಗ, ಇ-ಮೇಲ್ ಒಂದೇ ಇದ್ದದ್ದಕ್ಕೆ ಗಂಡ ಹೆಂಡತಿ ಇಬ್ಬರನ್ನೂ ಒಬ್ಬರೇ ಅಂದುಕೊಂಡು ಹೊಸ ಲಾಗಿನ್ ಒಂದೇ ಖಾತೆ ಮಾಡಿತ್ತು. ಹೆಸರು ಅವಳದು, ಅಧಿಕಾರ ಇಬ್ಬರದೂ. ಗಂಡ ಲಾಗಿನ್ ಆದರೂ ಅವಳೇ ಬಂದಳು ಅಂತ ಲ್ಯಾಬಿನ ಬಾಗಿಲು ತೆರೆದುಬಿಡುತ್ತಿತ್ತು.

ಟೀಮ್ ಲೀಡಿಗೆ ತೋರಿಸಿದೆ. ಅವರು ನೋಡಿ, ಕುರ್ಚಿ ಹಿಂದೆ ತಳ್ಳಿ, ಇದನ್ನು ರಾತ್ರಿಯೊಳಗೆ ಸದ್ದಿಲ್ಲದೆ ಸರಿಮಾಡು ಅಂದರು. ಕ್ಲೈಂಟ್ ಮುಂದೆ ಬಾಯಿ ಬಿಡಕೂಡದು, ಇವರ ಇನ್ನೊಂದು ಕಾರ್ಖಾನೆಯ ಕೆಲಸವೂ ನಮಗೇ ಬರುವುದಿದೆ. ಹಾಗಾದರೆ ಆ ಹೆಂಗಸಿನ ಗತಿ ಏನು ಅಂದೆ. ಅವರು ಫೋನ್ ಹಿಡಿದು ವರಾಂಡಕ್ಕೆ ಹೋದರು.

ನಾನು ನೇರ ಲ್ಯಾಬಿಗೆ ನಡೆದೆ. ಅವಳನ್ನು ಕೆಲಸಕ್ಕೆ ಮುಟ್ಟಗೊಡದೆ ಒಂದು ಸ್ಟೂಲಿನ ಮೇಲೆ ಕೂರಿಸಿದ್ದರು. ನಿಮ್ಮ ತಪ್ಪಲ್ಲ, ನನ್ನ ಹತ್ತಿರ ತೋರಿಸಲಿಕ್ಕೆ ಇದೆ ಅಂತ ಒಂದೇ ಉಸಿರಿಗೆ ಹೇಳಿದೆ. ಅವಳ ಮುಖ ಅರಳುತ್ತದೆ ಅಂದುಕೊಂಡಿದ್ದೆ. ಅವಳು ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡಿದಳು.

“ಗೊತ್ತೈತ್ರಿ ನನಗ,” ಅಂದಳು. “ನಮ್ಮ ಮನಿಯವರು ನಿನ್ನೆನ ಹೇಳ್ಯಾರ. ಲಾರಿಯವ ಒದರಾಕತ್ತಿದ್ದನಂತ, ಪಾಸ್ ಒತ್ತಿಬಿಟ್ಟಾರ.”

ಒಂದೇ ಇ-ಮೇಲ್ ಯಾಕೆ ಕೊಟ್ಟಿರಿ ಅಂತ ಕೇಳಿದೆ. ನನ್ನ ದನಿ ಏರಿತ್ತು. ಲಗ್ನವಾದ ಹೊಸದರಲ್ಲಿ ಗಂಡ ಇಂಟರ್ನೆಟ್ ಸೆಂಟರಿನಲ್ಲಿ ಅದನ್ನು ಮಾಡಿಸಿದ್ದನಂತೆ. ಗ್ಯಾಸಿಗೂ ಅದೇ, ಬ್ಯಾಂಕಿಗೂ ಅದೇ. ಮನೆಗೊಂದು ಇದ್ದಮೇಲೆ ತನಗೆ ಇನ್ನೊಂದು ಯಾಕೆ ಅಂತ ಅವಳೂ ಅದನ್ನೇ ಬರೆದುಕೊಟ್ಟಿದ್ದಳು. ಪಾಸ್‌ವರ್ಡೂ ಇಬ್ಬರದೂ ಒಂದೇ. ನಮ್ಮ ಮನೆಯಲ್ಲೂ ಎಲ್ಲರ ಅರ್ಜಿಗೂ ಅಪ್ಪನ ಫೋನ್ ನಂಬರೇ ಬರೆಯುತ್ತಿದ್ದೆವು. ನನ್ನ ದನಿ ತಾನಾಗಿ ಇಳಿಯಿತು.

“ನೀವು ಸುಮ್ಮಕ ಇದ್ದುಬಿಡ್ರಿ,” ಅಂದಳು. “ನಂದು ಕಾಂಟ್ರ್ಯಾಕ್ಟ್, ಹೋದ್ರ ಹೋತು. ಅವರ್ದು ಪರ್ಮನೆಂಟ್ ಐತಿ. ಅದಕ್ಕ ಸಿಕ್ಕ ದವಾಖಾನಿ ಕಾರ್ಡ್ ಮ್ಯಾಲೆ ನಮ್ಮ ಅತ್ತಿಯವ್ರಿಗೆ ಡಯಾಲಿಸಿಸ್ ನಡದೈತ್ರಿ.”

ನಾನು ಹೊರಗೆ ಬಂದೆ. ಕ್ಯಾಂಟೀನಿನಲ್ಲಿ ಚಹಾ ತಗೊಂಡು ಕುಡಿಯದೆ ಬಿಟ್ಟೆ. ಯಾರನ್ನು ನೋಡಿದರೂ ಅವರಿಗೆ ನನ್ನಿಂದ ಬೇಕಾದದ್ದು ಒಂದೇ ಮಾತು: ಲಾಗಿನ್ ಸರಿಯಿದೆ. ಮ್ಯಾನೇಜರಿಗೂ ಅದೇ, ನಮ್ಮವರಿಗೂ ಅದೇ, ಕೆಲಸ ಕಳೆದುಕೊಳ್ಳುವವಳಿಗೂ ಅದೇ. ಗಂಡ ಗೇಟಿನ ಹತ್ತಿರ ಲಾರಿಯ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ. ನಾನು ನೋಡಿದ ಕೂಡಲೇ ಟಾರ್ಪಾಲಿನ ಹಗ್ಗ ಬಿಗಿಯಲಿಕ್ಕೆ ಹತ್ತಿದ. ಅವನ ಮೇಲೆ ಅಷ್ಟು ಹೇಸಿಕೆ ಬಂತು ನನಗೆ.

ಮಾಲೀಕರು ಊಟ ಮುಗಿಸಿ ಬಂದರು. ಬಿಳಿ ಶರ್ಟಿನ, ಮೆತ್ತಗೆ ಮಾತಾಡುವ ಮುದುಕರು. ಮ್ಯಾನೇಜರ ಕೋಣೆಯಲ್ಲಿ ಅವಳನ್ನು ಗೋಡೆಯ ಬದಿಗೆ ನಿಲ್ಲಿಸಿದ್ದರು. ಮ್ಯಾನೇಜರು ಎಲ್ಲ ಹೇಳಿ ಮುಗಿಸಿದ ಮೇಲೆ ಮಾಲೀಕರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಈ ಹೆಸರು ಬಂದಿದೆ ಅಂದರೆ ಇವಳೇ ಒತ್ತಿದ್ದಾಳೆ ಅಂತಲೇ ಅರ್ಥವೇ?

ಟೀಮ್ ಲೀಡ್ ಕೆಮ್ಮಿದರು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು, ಹೇಳಬೇಡ ಅನ್ನುವ ಹಾಗೆ ಸಣ್ಣಗೆ ಕತ್ತು ಅಲ್ಲಾಡಿಸಿದಳು. ಹೌದು ಅಂದುಬಿಡಬೇಕು ಅಂತ ಬಾಯಿ ತೆರೆದದ್ದೂ ನಿಜ. ಆದರೆ ನನ್ನ ಕೈಯಾರೆ ಕೂರಿಸಿದ ಲಾಗಿನ್, ಮಾಡದವಳ ಹೆಸರು ಹೇಳುತ್ತಿದೆ. ಅದಕ್ಕೆ ನಾನು ಹೌದು ಅನ್ನಲಾರೆ. ನನ್ನ ಬುದ್ಧಿಯೇ ಹಾಗೆ.

ಇಲ್ಲ ಅಂದೆ. ಮಾಲು ಕಳಿಸುವ ಕ್ಲರ್ಕನ್ನು ಕರೆಸಿ, ಇಲ್ಲೇ ಲಾಗಿನ್ ಆಗಲಿ ಅಂದೆ.

ಅವನು ಬಂದು ಕೂತ. ಒಮ್ಮೆ ಪಾಸ್‌ವರ್ಡ್ ತಪ್ಪಿತು, ಮತ್ತೆ ಒತ್ತಿದ. ಪುಟ ತೆರೆಯಿತು. ಮೇಲೆ, ಮೂಲೆಯಲ್ಲಿ, ಹೆಂಡತಿಯ ಹೆಸರು. ಮಾಲೀಕರು ಕನ್ನಡಕ ಏರಿಸಿ ಅದನ್ನು ಓದಿದರು, ಅವನನ್ನು ನೋಡಿದರು. ನೀನು ಒತ್ತಿದೆಯಾ ಅಂತ ಕೇಳಲಿಲ್ಲ. ಹೆಸರು ಕಾಣಲಿಲ್ಲವಾ ಅಂತ ಕೇಳಿದರು.

ಅವನು ಹಿಂದಿಯಲ್ಲಿ ಹೇಳಿದ್ದು ಇಷ್ಟೇ: ಕಂಡಿತ್ತು, ಮನೆಯವಳದೇ ಅಲ್ಲವಾ ಅಂತ ಒತ್ತಿದೆ.

ಅವನ ಪರ್ಮನೆಂಟ್ ಅವತ್ತೇ ರದ್ದಾಯಿತು, ಅದರ ಜೊತೆ ದವಾಖಾನೆಯ ಕಾರ್ಡೂ. ಕಾಲಿಗೆ ಬೀಳಲಿಕ್ಕೆ ಹೋದವನನ್ನು ಮಾಲೀಕರು ತಡೆದರು. ಅವಳು ಲ್ಯಾಬಿಗೆ ವಾಪಸು ಹೋಗಬೇಕು, ಇಬ್ಬರ ಖಾತೆ ಈಗಲೇ ಬೇರೆಯಾಗಬೇಕು ಅಂದರು. ಟೀಮ್ ಲೀಡ್ ನನ್ನ ಮುಖ ನೋಡದೆ ಹೊರಟುಹೋದರು.

ಲ್ಯಾಬಿನ ಕಂಪ್ಯೂಟರಿನ ಮುಂದೆ ಅವಳಿಗೆ ಹೊಸ ಇ-ಮೇಲ್ ಮಾಡಿಕೊಡುತ್ತ ಕೂತೆ. ನಾನು ಕೇಳಿದ್ದಕ್ಕೆಲ್ಲ ಅವಳದು ಒಂದೊಂದೇ ಮಾತಿನ ಉತ್ತರ. ಕೆಲಸ ಉಳಿಸಿದೆ ಅನ್ನುವ ಸಣ್ಣ ಹೆಮ್ಮೆ ಇನ್ನೂ ನನ್ನಲ್ಲಿತ್ತು. ಅತ್ತೆಯ ಚಿಕಿತ್ಸೆಗೆ ಬೇರೆ ಏನಾದರೂ ದಾರಿ ನೋಡೋಣ ಅಂದೆ.

“ನೋಡೋಣ ಅಂದ್ರ ಯಾರ್ರಿ? ನಾವಾ, ನೀವಾ?” ಅಂದಳು. ಸಿಟ್ಟಿನಿಂದ ಅಲ್ಲ, ನಿಜವಾಗಿ ಕೇಳಿದಳು.

ನಾನು ಮುಂದಿನ ಪುಟಕ್ಕೆ ಹೋದೆ. ಪಾಸ್‌ವರ್ಡಿನ ಖಾನೆ ಬಂತು. ಅಭ್ಯಾಸಬಲದಿಂದ ನಾನೇ ಕೀಬೋರ್ಡಿಗೆ ಕೈ ಹಾಕಿ, ಏನು ಹಾಕಲಿ ಅಂದೆ. ಅವಳು ನನ್ನ ಕೈ ಸರಿಸಿ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು.

“ಆ ಕಡೆ ಹೊಳ್ಳ್ರಿ,” ಅಂದಳು.

ನಾನು ಗೋಡೆಯ ಕಡೆ ತಿರುಗಿದೆ. ಒಂದೊಂದೇ ಅಕ್ಷರ ಹುಡುಕಿ ಒತ್ತುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಆಯಿತು ಅಂತ ಅವಳು ಹೇಳುವ ತನಕ ನಾನು ತಿರುಗಿ ನೋಡಲಿಲ್ಲ.